ಸ್ಕ್ರೂ ಮುಟ್ಟಿದ್ದು ನಾನೇ

(1/9)
ಮೊದಲನೇ ಫೋಟೋದಲ್ಲಿರೋದು ಒಂದು ಹಳೇ ರಟ್ಟಿನ ತುಂಡು. ಏರ್ ಗನ್ ಪೆಲೆಟ್ ಬಿದ್ದು ಬಿದ್ದು ಜರಡಿ ಆಗಿದೆ. ಜೂಮ್ ಮಾಡಿ ನೋಡಿ, ಎಡಗಡೆ ಐದು ತೂತು ಒಂದೇ ಕಡೆ ಗುಂಪಾಗಿ ಕೂತಿವೆ. ಮಿಕ್ಕಿದ್ದೆಲ್ಲ ಚೆಲ್ಲಾಪಿಲ್ಲಿ. ಆ ಐದರಲ್ಲಿ ಮೂರು ಒಬ್ಬ ಹುಡುಗಿಯದು, ಎರಡು ಒಬ್ಬ ತಾತನದು. ಚೆಲ್ಲಾಪಿಲ್ಲಿ ಇರೋದರಲ್ಲಿ ಮೂರು ನನ್ನದು.

ಈ ರಟ್ಟು ಒಂದು ವರ್ಷದಿಂದ ಪೀಣ್ಯದ ನನ್ನ ಪಿಜಿ ರೂಮಲ್ಲಿ ಬ್ಯಾಗಿನೊಳಗೆ ಇದೆ. ಇವತ್ತು ತೆಗೆದು ಫೋಟೋ ಹೊಡೆದೆ.

ಹೇಳಬೇಕು ಅಂದ್ಕೊಂಡಿರೋದು ಇಷ್ಟು: ಗುರಿ ತಪ್ಪಿದ ತಕ್ಷಣ ಸೈಟ್‌ನ ಸ್ಕ್ರೂಗೆ ಕೈ ಹಾಕಬಾರದು. ಹಾಕಿದ್ರೆ ಮುಂದಿನವರಿಗೆ ಹೇಳಬೇಕು. ಕೇಳೋಕೆ ಸಣ್ಣ ವಿಷಯ. ಎರಡನ್ನೂ ಮಾಡದೆ ಕೂತವನು ಹೇಳ್ತಿದೀನಿ, ಅಷ್ಟೇ. ಬೋರ್ ಆದ್ರೆ ಸ್ಕ್ರಾಲ್ ಮಾಡಿ. ಡಿಪ್ಲೊಮಾ ಬ್ಯಾಚ್‌ನೋರು ಮಾತ್ರ 7ನೇ ಭಾಗ ಓದಲೇಬೇಕು, ನಿಮ್ಮ ಬಗ್ಗೆನೂ ಇದೆ.

(2/9)
ಹೋದ ಸಲ ಸೆಪ್ಟೆಂಬರ್‌ನಲ್ಲಿ ರೂಮ್‌ಮೇಟ್ ಜೊತೆ ವಿರಾಜಪೇಟೆ ಕಡೆ ಅವನ ಊರಿಗೆ ಹೋಗಿದ್ದೆ, ಕೈಲ್ ಪೊಳ್ದ್‌ಗೆ. ಗೊತ್ತಿಲ್ಲದವರಿಗೆ: ನಾಟಿ ಮುಗಿದ ಮೇಲೆ ಕೊಡವರು ಆಯುಧ ಪೂಜೆ ಮಾಡೋ ಹಬ್ಬ. ನಮ್ಮಲ್ಲಿ ದಸರಾಕ್ಕೆ ಲೇತ್ ಮಷೀನಿಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೀತೀವಲ್ಲ, ಅಲ್ಲಿ ಬಂದೂಕಿಗೆ. ಕೋವಿಗೆ ಅವರ ಭಾಷೇಲಿ ತೋಕ್. ಅದರ ಬಾಯಿಗೆ ಸಿಗಿಸೋ ಕೆಂಪು ಹಳದಿ ಹೂವಿಗೆ ತೋಕ್ ಪೂ. ಮನೆಯಲ್ಲಿ ಕಡಂಬುಟ್ಟು, ಪಂದಿಕರಿ. ಊಟದ ಬಗ್ಗೆ ಬೇರೆ ಪೋಸ್ಟ್ ಹಾಕ್ತೀನಿ, ಇದರಲ್ಲಿ ತುರುಕಿದ್ರೆ ಅದಕ್ಕೆ ಅವಮಾನ.

ಇಲ್ಲಿ ಒಂದು ಮಾತು ಕ್ಲಿಯರ್ ಮಾಡಿಬಿಡ್ತೀನಿ, ಯಾಕಂದ್ರೆ ಸ್ಟೋರಿ ಹಾಕಿದಾಗ ನಾಲ್ಕು ಜನ 'ಬೇಟೆಗೆ ಹೋಗಿದ್ಯಾ ಮಗಾ' ಅಂತ ಮೆಸೇಜ್ ಮಾಡಿದ್ರಿ. ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ, ಕೊಡಗಿನಲ್ಲೂ ಅಪರಾಧ. ಬಂದೂಕು ಇಟ್ಟುಕೊಳ್ಳೋಕೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು, 2021ರಲ್ಲಿ ನಮ್ಮ ಹೈಕೋರ್ಟೂ ಎತ್ತಿ ಹಿಡಿಯಿತು. ಆದರೆ ಆ ವಿನಾಯಿತಿ ಇಟ್ಟುಕೊಳ್ಳೋಕೆ ಮಾತ್ರ, ಪ್ರಾಣಿ ಹೊಡೆಯೋಕಲ್ಲ. ಹಾಗಾಗಿ ಹಬ್ಬದ ಗುರಿ ಇವತ್ತು ತೆಂಗಿನಕಾಯಿ. 0.22 ರೈಫಲ್‌ನಲ್ಲಿ ಒಂದು ಸ್ಪರ್ಧೆ, 12 ಬೋರ್‌ನಲ್ಲಿ ಒಂದು. ಏರ್ ಗನ್‌ನಲ್ಲಿ ಮೊಟ್ಟೆಗೆ ಹೊಡೆಯೋದು. ನನ್ನಂಥ ಹೊರಗಿನವರು ಹೆಸರು ಕೊಟ್ಟಿದ್ದು ಮೊಟ್ಟೆಗೆ.

(3/9)
15 ಮೀಟರ್ ದೂರದಲ್ಲಿ ಮೊಟ್ಟೆ, ಅದರ ಹಿಂದೆ ರಟ್ಟು, ರಟ್ಟಿನ ಹಿಂದೆ ಮಣ್ಣಿನ ದಿಬ್ಬ. ಒಬ್ಬರಿಗೆ ಮೂರು ಶಾಟ್. ಎಲ್ಲರಿಗೂ ಒಂದೇ ಗನ್. ಈ 'ಎಲ್ಲರಿಗೂ ಒಂದೇ ಗನ್' ಅನ್ನೋದನ್ನ ನೆನಪಿಟ್ಕೊಳ್ಳಿ.

ಮೊದಲನೇ ಶಾಟ್ ಬಲಕ್ಕೆ ಹೋಯ್ತು. ಎರಡನೇದೂ ಬಲಕ್ಕೆ, ಸ್ವಲ್ಪ ಮೇಲೆ. ಹಿಂದೆ ಯಾರೋ ನಕ್ಕರು. ನನಗೆ ಬೆವರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ, ಮೂರು ತಿಂಗಳು ಶಾಪ್ ಫ್ಲೋರ್‌ನಲ್ಲಿ ಟ್ರೈನಿಂಗ್ ಮಾಡಿದವನು. ಹಿಂದಿನ ಸೈಟ್‌ನ ಪಕ್ಕದಲ್ಲಿ ಕೈಯಲ್ಲೇ ತಿರುಗೋ ಒಂದು ಸಣ್ಣ ಸ್ಕ್ರೂ ಕಾಣಿಸ್ತು. 'ಓ, ಅಲೈನ್‌ಮೆಂಟ್ ಔಟ್ ಆಗಿದೆ' ಅಂತ ಮನಸ್ಸಲ್ಲೇ ತೀರ್ಪು ಕೊಟ್ಟೆ. ಪೆಲೆಟ್ ಹಾಕೋ ನೆಪದಲ್ಲಿ ಬಗ್ಗಿ ಎರಡು ಸುತ್ತು ತಿರುಗಿಸಿದೆ. ಹಿಂದಿನ ಸೈಟ್ ಎಡಕ್ಕೆ ಸರೀತು. ಮೂರನೇ ಶಾಟ್ ಮೊಟ್ಟೆಯ ಎಡಕ್ಕೆ ಹೋಯ್ತು. ಗನ್ ಕೆಳಗಿಟ್ಟು ಎದ್ದು ಬಂದೆ.

ನನ್ನ ನಂತರ ಬಂದವಳು ರೂಮ್‌ಮೇಟ್‌ನ ಚಿಕ್ಕಪ್ಪನ ಮಗಳು. ಡಿಗ್ರಿ ಎರಡನೇ ವರ್ಷ. ಹಿಂದಿನ ವರ್ಷ ಮೊಟ್ಟೆ ಒಡೆದು ಪ್ರೈಜ್ ತಗೊಂಡಿದ್ದಳಂತೆ, ಅವಳು ಬಂದಾಗ ಎಲ್ಲ ಸುಮ್ಮನಾದ್ರು. ಮೂರೂ ಮಿಸ್. ಮೊಟ್ಟೆ ಅಲ್ಲಾಡಲೇ ಇಲ್ಲ. ಅವಳು ಗನ್ ಇಟ್ಟು ತನ್ನ ಬಲಗೈಯನ್ನ ಒಂದ್ಸಲ ಬಿಚ್ಚಿ ಮುಚ್ಚಿ ನೋಡ್ಕೊಂಡು, 'ಈ ಸಲ ಕೈ ಸರಿ ಇಲ್ಲ' ಅಂದಳು. ಮಧ್ಯಾಹ್ನದ ತೆಂಗಿನಕಾಯಿ ಸ್ಪರ್ಧೆಗೂ ಹೆಸರು ಕೊಟ್ಟಿದ್ದಳು. ಅದನ್ನ ವಾಪಸ್ ತಗೊಂಡು ಮನೆಗೆ ಹೋದಳು.

ಆಮೇಲೆ ಬಂದವರು ಒಬ್ಬರು ತಾತ. ಒಂದು ಶಾಟ್ ಹೊಡೆದ್ರು, ಮಿಸ್. ಅದೇ ಜಾಗಕ್ಕೆ ಗುರಿ ಇಟ್ಟು ಇನ್ನೊಂದು ಹೊಡೆದ್ರು, ಮಿಸ್. ಮೂರನೇದು ಹೊಡೀಲಿಲ್ಲ. ಎದ್ದು ನಡ್ಕೊಂಡು ಹೋಗಿ ರಟ್ಟು ನೋಡಿ ಬಂದು, 'ಗನ್ ಎಡಕ್ಕೆ ಹೊಡೀತಿದೆ. ಯಾರೋ ಮುಟ್ಟಿದ್ದಾರೆ' ಅಂದ್ರು. ನಡೆಸ್ತಿದ್ದವರು ಸ್ಕ್ರೂ ವಾಪಸ್ ಸುತ್ತಿ ಸರಿ ಮಾಡಿದ್ರು. ಯಾರು ಅಂತ ಯಾರೂ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ.

(4/9)
ಸೈಟ್ ಅಂದ್ರೆ ಏನು ಅಂತ ಹೇಳ್ದೆ ಮುಂದೆ ಹೋದ್ರೆ ಅರ್ಧ ಜನ ಬಿಟ್ಟು ಹೋಗ್ತೀರ.

ಸ್ಕೋಪ್ ಇಲ್ಲದ ಗನ್‌ನಲ್ಲಿ ಎರಡು ಭಾಗ ಇರುತ್ತೆ. ನಳಿಗೆಯ ತುದೀಲಿ ಒಂದು ಮೊನೆ, ಕಣ್ಣಿನ ಹತ್ತಿರ ಒಂದು ಕಚ್ಚು. ಎನ್‌ಸಿಸಿಯವರು ಫೋರ್‌ಸೈಟ್ ಟಿಪ್, ಬ್ಯಾಕ್‌ಸೈಟ್ ಯು ಅಂತ ಬಾಯಿಪಾಠ ಮಾಡಿರ್ತಾರೆ. ಕಚ್ಚಿನ ಮಧ್ಯದಲ್ಲಿ ಮೊನೆ ಕೂರಬೇಕು, ಎರಡೂ ಪಕ್ಕ ಒಂದೇ ಅಳತೆ ಬೆಳಕು ಕಾಣಬೇಕು, ಎರಡರ ತಲೆ ಒಂದೇ ಮಟ್ಟದಲ್ಲಿರಬೇಕು. ಆಮೇಲೆ ಅದನ್ನ ಗುರಿಯ ಮೇಲೆ ಇಡೋದು. ಕಚ್ಚು, ಮೊನೆ, ಗುರಿ ಮೂರನ್ನೂ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ನೋಡೋಕಾಗಲ್ಲ. ಹೊಸಬರು ಗುರಿಯನ್ನೇ ದಿಟ್ಟಿಸ್ತಾರೆ. ನೋಡಬೇಕಿರೋದು ಮೊನೆಯನ್ನ. ಮೊಟ್ಟೆ ಮಸುಕಾಗಿ ಕಂಡ್ರೆ ಪರವಾಗಿಲ್ಲ, ಮೊನೆ ಮಸುಕಾಗಬಾರದು. ನಾನು ಮೂರೂ ಸಲ ಮೊಟ್ಟೆಯನ್ನೇ ನೋಡ್ತಿದ್ದೆ, ಅದರ ಮೇಲೆ ಅಂಟಿದ್ದ ಮಣ್ಣಿನ ಕಲೆ ಸಮೇತ ನೆನಪಿದೆ.

ಸರಿ ಮಾಡೋ ನಿಯಮ ಚಿಕ್ಕದು. ಹಿಂದಿನ ಸೈಟನ್ನ ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೇ ಸರಿಸಬೇಕು. ಮುಂದಿನದಾದ್ರೆ ಉಲ್ಟಾ. ಹಳೇ 0.303 ರೈಫಲ್‌ನಲ್ಲಿ ಮುಂದಿನ ಬ್ಲೇಡ್ ಎತ್ತರದ್ದು ಹಾಕಿದ್ರೆ ಗುಂಡು ಕೆಳಗೆ ಬೀಳುತ್ತೆ, ಯಾಕಂದ್ರೆ ಎತ್ತರದ ಮೊನೆಯನ್ನ ಕಚ್ಚಿನ ಮಟ್ಟಕ್ಕೆ ತರೋಕೆ ನಳಿಗೆಯನ್ನ ತಗ್ಗಿಸಬೇಕಾಗುತ್ತೆ. ಒಂದ್ಸಲ ಪೇಪರ್ ಮೇಲೆ ಗೆರೆ ಎಳೆದು ನೋಡಿ, ಮತ್ತೆ ಮರೆಯಲ್ಲ.

ಮಾಮೂಲಿ 12 ಬೋರ್ ಕಥೆನೇ ಬೇರೆ. ತುದೀಲಿ ಒಂದು ಮಣಿ ಬಿಟ್ರೆ ಏನೂ ಇರಲ್ಲ. ಹಿಂದಿನ ಸೈಟ್ ನಿಮ್ಮ ಕಣ್ಣೇ. ಕೆನ್ನೆ ಒಂದೊಂದು ಸಲ ಒಂದೊಂದು ಕಡೆ ಇಟ್ರೆ ಸೈಟ್ ಅಲ್ಲಾಡಿದ ಹಾಗೇನೇ. ತಿರುಗಿಸೋಕೆ ಅಲ್ಲಿ ಸ್ಕ್ರೂ ಇಲ್ಲ. ಅದು ಒಂಥರಾ ಒಳ್ಳೇದೇ ಅನ್ಸುತ್ತೆ ನನಗೆ.

(5/9)
ಮಾರನೇ ದಿನ ಬೆಳಿಗ್ಗೆ. ರೂಮ್‌ಮೇಟ್‌ನ ಅಪ್ಪ, ನಾನು ಅಂಕಲ್ ಅಂತೀನಿ, ಮನೆಯ ಏರ್ ಗನ್ ತಂದ್ರು. ಸ್ಪರ್ಧೆಯಲ್ಲಿದ್ದ ಮಾಡೆಲ್ಲೇ. ಮನೆ ಹಿಂದೆ ಬರೆ ಕಡಿದ ಮಣ್ಣಿನ ಗೋಡೆ, ಅದಕ್ಕೊಂದು ರಟ್ಟು ಒರಗಿಸಿ, ಸ್ಕೆಚ್ ಪೆನ್ನಲ್ಲಿ ಚುಕ್ಕೆ ಇಟ್ರು. ಟೇಪ್ ಹಿಡಿದು 10 ಮೀಟರ್ ಅಳೆದು ಗೆರೆ ಹಾಕಿದ್ರು. ಒಂದು ಅಕ್ಕಿ ಚೀಲಕ್ಕೆ ಮರಳು ತುಂಬಿ ಗನ್ ಇಡೋಕೆ ಮೇಜಿನ ಮೇಲಿಟ್ರು.

'ಐದು ಹೊಡಿ. ಐದೂ ಆ ಚುಕ್ಕೆಗೇ ಗುರಿ ಇಡು. ಮಧ್ಯೆ ಎದ್ದು ಹೋಗಿ ನೋಡಬಾರದು. ಸ್ಕ್ರೂ ಮುಟ್ಟಬಾರದು.'

ಮೊದಲನೇದು ಎಡಕ್ಕೆ ಬಿತ್ತು. ಅಷ್ಟು ದೂರಕ್ಕೂ ಕಾಣಿಸ್ತು. ಅಂಕಲ್ ಅಂದ್ರೆ, ಅಂತ ಬಾಯಿ ತೆಗೆದೆ. 'ಹೊಡಿ' ಅಂದ್ರು. ಎರಡನೇದಕ್ಕೆ ಗುರಿಯನ್ನೇ ಸ್ವಲ್ಪ ಬಲಕ್ಕೆ ಸರಿಸೋಣ ಅಂತ ಕೈ ತುರಿಸ್ತು. ಸರಿಸ್ಲಿಲ್ಲ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಮೊನೆ ನೋಡ್ಕೊಂಡು, ಟ್ರಿಗರ್ ನಿಧಾನವಾಗಿ ಒತ್ತಿದೆ. ಐದೂ ಆಯ್ತು.

ಹೋಗಿ ನೋಡಿದ್ರೆ ಐದು ತೂತಿನ ಮೇಲೆ ಹತ್ತು ರೂಪಾಯಿ ನಾಣ್ಯ ಇಟ್ರೆ ಮುಚ್ಚಿಹೋಗುತ್ತೆ. (ಫೋಟೋ 5. ನಾಣ್ಯ 27 ಮಿ.ಮೀ.) ಚುಕ್ಕೆಗೆ ಒಂದೂ ಬಿದ್ದಿಲ್ಲ, ಆದ್ರೆ ಹಿಂದಿನ ದಿನಕ್ಕಿಂತ ನೂರು ಪಟ್ಟು ಖುಷಿ ಆಯ್ತು.

'ಇದು ಗನ್ನಿನ ತಪ್ಪು. ನೀನು ಐದು ಸಲ ಒಂದೇ ಥರ ಮಾಡಿದೀಯ, ಅದೂ ಐದು ಸಲ ಒಂದೇ ಥರ ತಪ್ಪಿದೆ. ತಪ್ಪು ಒಂದೇ ಕಡೆ ನಿಂತ್ರೆ ಸರಿ ಮಾಡಬಹುದು. ಓಡಾಡ್ತಿದ್ರೆ ಅದು ನಿಂದು' ಅಂದ್ರು ಅಂಕಲ್. ಅವರ ಅಪ್ಪನ ಕಾಲದಲ್ಲಿ ಕಾಡಿಗೆ ಹೋಗೋ ಮುಂಚೆ ಮರಕ್ಕೆ ಗುರುತು ಹಾಕಿ ಹೊಡೆದು ನೋಡದೆ ಯಾರನ್ನೂ ಕರ್ಕೊಂಡು ಹೋಗ್ತಿರಲಿಲ್ಲವಂತೆ. ಅರೆಬರೆ ಗುಂಡು ತಿಂದ ಹಂದಿ ಪೊದೆಯೊಳಗೆ ನರಳ್ತಾ ಬಿದ್ದಿರುತ್ತೆ, ಇಲ್ಲಾ ತಿರುಗಿ ಬರುತ್ತೆ. 'ಈಗ ಅದೆಲ್ಲ ಇಲ್ಲ, ಇರಲೂಬಾರದು. ತೆಂಗಿನಕಾಯಿ ತಿರುಗಿ ಬರಲ್ಲ, ಅದಕ್ಕೇ ಹುಡುಗರಿಗೆ ಸೋಮಾರಿತನ' ಅಂತ ನಕ್ಕರು.

(6/9)
ಆಮೇಲೆ ಅಂಕಲ್ ಕೇಳಿದ್ರು, 'ನೀನು ಇಂಜಿನಿಯರ್ ಅಲ್ವಾ, ಎಷ್ಟು ತಿರುಗಿಸಬೇಕು ಹೇಳು.'

ಡಿಪ್ಲೊಮಾ ಅಂಕಲ್ ಅಂದೆ. ಲೆಕ್ಕ ಮಾತ್ರ ಹತ್ತನೇ ಕ್ಲಾಸಿಂದು, ಸಮರೂಪ ತ್ರಿಭುಜ. ಹಿಂದಿನ ಸೈಟಿಂದ ಮುಂದಿನ ಸೈಟಿಗೆ ಇರೋ ದೂರ ಅಳೆದೆ, 420 ಮಿ.ಮೀ. ಗುಂಪಿನ ಮಧ್ಯಭಾಗ ಚುಕ್ಕೆಯಿಂದ ಎಡಕ್ಕೆ 24 ಮಿ.ಮೀ. ಗುರಿಯ ದೂರ 10,000 ಮಿ.ಮೀ. 24 ಇಂಟು 420 ಭಾಗಿಸು 10,000. ಬಂದಿದ್ದು 1.008. ಅಂದ್ರೆ ಹಿಂದಿನ ಸೈಟ್ 1 ಮಿ.ಮೀ. ಬಲಕ್ಕೆ ಹೋಗಬೇಕು. ಸ್ಕ್ರೂ ಎಂ3, ಪಿಚ್ 0.5. ಒಂದು ಸುತ್ತಿಗೆ ಅರ್ಧ ಮಿ.ಮೀ.

'ಎರಡು ಸುತ್ತು ಅಂಕಲ್, ಬಲಕ್ಕೆ.'

'ಹೌದಲ್ಲ, ಎರಡೇ ಸುತ್ತು' ಅಂತ ನನ್ನ ಮುಖ ನೋಡಿದ್ರು. ಆಮೇಲೆ ಕಾಫಿ ತರ್ತೀನಿ ಅಂತ ಒಳಗೆ ಹೋದ್ರು.

ಹಿಂದಿನ ದಿನ ಸ್ಪರ್ಧೆಯಲ್ಲಿ ಸ್ಕ್ರೂ ವಾಪಸ್ ಸುತ್ತಿದಾಗ ಎಷ್ಟು ಸುತ್ತಾಯ್ತು ಅಂತ ಪಕ್ಕದಲ್ಲಿ ನಿಂತು ನೋಡಿದವರಿಗೆ ಗೊತ್ತು. ಅಂಕಲ್ ಅಲ್ಲೇ ನಿಂತಿದ್ರು. ಮನೆಯ ಗನ್ ಅಷ್ಟೇ ಎಡಕ್ಕೆ ಹೊಡೆಯೋದು ಕಾಕತಾಳೀಯ ಇರಬಹುದು. ನಾನು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ.

ಕಾಫಿ ಬರೋವರೆಗೂ ತಲೇಲಿ ಓಡಿದ್ದು ಇನ್ನೊಂದೇ ಲೆಕ್ಕ. 15 ಮೀಟರಿಗೆ 1 ಮಿ.ಮೀ. ಅಂದ್ರೆ ಎಷ್ಟು? 15,000 ಭಾಗಿಸು 420. ಹತ್ತಿರ ಹತ್ತಿರ 36 ಮಿ.ಮೀ. ಕೋಳಿ ಮೊಟ್ಟೆ ಅಡ್ಡಗಲ 44 ಇದ್ರೆ ಹೆಚ್ಚು. ಮಧ್ಯದಿಂದ ಅಂಚಿಗೆ 22. ಅವಳು ಎಷ್ಟೇ ಸರಿಯಾಗಿ ಹೊಡೆದಿದ್ರೂ ಮೊಟ್ಟೆಗೆ ತಾಗೋ ಚಾನ್ಸೇ ಇರಲಿಲ್ಲ. ಕಾಫಿ ಕುಡಿದು ಸ್ಪರ್ಧೆ ನಡೆದ ಜಾಗಕ್ಕೆ ಹೋದೆ. ರಟ್ಟು ಇನ್ನೂ ಅಲ್ಲೇ ಬಿದ್ದಿತ್ತು. ಅದೇ ಮೊದಲನೇ ಫೋಟೋ.

(7/9)
ಈಗ ಪೀಣ್ಯ.

ನಮ್ಮ ಬ್ಯಾಚ್‌ನೋರಿಗೆ ಗೊತ್ತು, ಸಿಎನ್‌ಸಿ ಲೇತ್‌ನಲ್ಲಿ ಟೂಲ್ ಆಫ್‌ಸೆಟ್ ಅಂದ್ರೆ ಸೈಟ್ ಸ್ಕ್ರೂನೇ. ಶಾಫ್ಟ್ 25.00 ಬರಬೇಕಿತ್ತು, 25.03 ಬಂತು. ಅಪ್ರೆಂಟಿಸ್ ಏನ್ಮಾಡ್ತಾನೆ? ಒಂದೇ ಪೀಸ್ ಅಳೆದು ಆಫ್‌ಸೆಟ್ ಕಮ್ಮಿ ಮಾಡ್ತಾನೆ. ಮುಂದಿನದು 24.98. ಮತ್ತೆ ಜಾಸ್ತಿ ಮಾಡ್ತಾನೆ. ಮೊದಲನೇ ಪೀಸಿನ ಮೇಲೆ ಬರ್ ಇತ್ತಾ, ಮೈಕ್ರೋಮೀಟರ್‌ಗೆ ಚಿಪ್ ಅಂಟಿತ್ತಾ, ಮಷೀನ್ ಬಿಸಿ ಆಗಿತ್ತಾ, ಯಾವುದೂ ನೋಡಲ್ಲ. ರಾತ್ರಿ ಶಿಫ್ಟ್ ಪೂರ್ತಿ ಹೀಗೇ ಆಟ ಆಡಿ, ಬೆಳಿಗ್ಗೆ ಲಾಗ್ ಬುಕ್‌ನಲ್ಲಿ ಒಂದಕ್ಷರ ಬರೀದೆ ಪಿಜಿಗೆ ಹೋಗಿ ಮಲಗ್ತಾನೆ. ಬೆಳಗಿನ ಶಿಫ್ಟ್‌ನವನು ಸೆಟ್ಟಿಂಗ್ ಸರಿ ಇದೆ ಅಂದ್ಕೊಂಡು ಸೈಕಲ್ ಸ್ಟಾರ್ಟ್ ಒತ್ತುತ್ತಾನೆ. ಸ್ಕ್ರಾಪ್ ಯಾರ ಹೆಸರಲ್ಲಿ ಬೀಳುತ್ತೆ ಅಂತ ನಿಮಗೇ ಗೊತ್ತು.

ಎಸ್‌ಪಿಸಿ ಕ್ಲಾಸಲ್ಲಿ ಡೆಮಿಂಗ್ ಫನಲ್ ಪ್ರಯೋಗ ಹೇಳಿದಾಗ ನಾವೆಲ್ಲ ರೀಲ್ಸ್ ನೋಡ್ತಿದ್ವಿ. ಆಮೇಲೆ ನಾನೇ ಕೂತು ಓದಿದೆ. ಮೇಜಿನ ಮೇಲೆ ಒಂದು ಗುರುತು, ಅದರ ಮೇಲೆ ಆಲಿಕೆ, ಆಲಿಕೆಯಿಂದ ಗೋಲಿ ಬೀಳಿಸೋದು. ಆಲಿಕೆ ಅಲ್ಲಾಡಿಸದೆ ಬೀಳಿಸ್ತಾ ಹೋದ್ರೆ ಗೋಲಿಗಳು ಗುರುತಿನ ಸುತ್ತ ಒಂದಷ್ಟು ಹರಡುತ್ತವೆ. ಪ್ರತಿ ಗೋಲಿ ಬಿದ್ದ ಮೇಲೂ ಅದು ಎಷ್ಟು ತಪ್ತೋ ಅಷ್ಟು ಆಲಿಕೆಯನ್ನ ಉಲ್ಟಾ ದಿಕ್ಕಿಗೆ ಸರಿಸಿದ್ರೆ? ನಾವು ಸರಿ ಆಗುತ್ತೆ ಅಂದ್ಕೋತೀವಿ. ಆಗೋದು ಉಲ್ಟಾ, ವೇರಿಯನ್ಸ್ ಎರಡು ಪಟ್ಟಾಗುತ್ತೆ, ಅಂದ್ರೆ ಹರಡೋ ಅಗಲ ಸುಮಾರು 1.4 ಪಟ್ಟು. ಸುಮ್ಮನೆ ಇದ್ದಿದ್ರೆ ಚೆನ್ನಾಗಿರ್ತಿತ್ತು ಅನ್ನೋದಕ್ಕೆ ಗಣಿತದಲ್ಲೇ ಪುರಾವೆ. ನನ್ನ ಮೂರು ಶಾಟ್‌ನ ಕಥೆಯೂ ಇದೇ, ಗೋಲಿ ಬದಲು ಪೆಲೆಟ್.

ಎನ್‌ಸಿಸಿಯಲ್ಲಿ ಮೊದಲು ಗ್ರೂಪಿಂಗ್ ಫೈರ್ ಮಾಡಿಸೋದು ಇದಕ್ಕೇ. 25 ಗಜದಲ್ಲಿ 0.22ನಿಂದ ಐದು ಹೊಡೆಸಿ, ಎಲ್ಲಿ ಬಿತ್ತು ಅನ್ನೋದಕ್ಕಿಂತ ಎಷ್ಟು ಹತ್ತಿರ ಹತ್ತಿರ ಬಿತ್ತು ಅಂತ ನೋಡ್ತಾರೆ. ಫಸ್ಟ್ ಇಯರ್‌ನಲ್ಲಿ ನಮಗೆ ಅದು ಬೋರಿಂಗ್ ಅನ್ಸಿತ್ತು. ಬುಲ್ಸ್ ಐ ಬೇಕಿತ್ತು ನಮಗೆ.

(8/9)
ಡ್ರಾಫ್ಟ್ ಓದಿದ ಇಬ್ಬರು ಜಗಳ ಆಡಿದ್ರು. ನ್ಯಾಯವಾದ ಜಗಳ.

ಒಬ್ಬ ಕೇಳಿದ: ಮೂರೇ ಶಾಟ್ ಇರೋ ಕಡೆ ಐದರ ಗುಂಪು ಎಲ್ಲಿಂದ ತರ್ಲಿ? ಬೇಡ ಮಗಾ. ಆ ತಾತ ಎರಡರಲ್ಲೇ ಹೇಳಿದ್ರಲ್ಲ. ಅವರಿಗೆ ತಮ್ಮ ಕೈ ಎಷ್ಟು ಓಡಾಡುತ್ತೆ ಅಂತ ವರ್ಷಗಳಿಂದ ಗೊತ್ತು, ನಿನಗೂ ನನಗೂ ಗೊತ್ತಿಲ್ಲ. ಗನ್ ಎಡಕ್ಕೆ ಹೊಡೀತಿದೆ ಅಂತ ಖಾತ್ರಿ ಇದ್ರೆ ಗುರಿಯನ್ನ ಅಷ್ಟೇ ಬಲಕ್ಕೆ ಇಟ್ಟು ಹೊಡಿ. ಅದು ನಿನ್ನ ಮೂರು ಶಾಟ್‌ಗೆ ಮಾತ್ರ ಸಂಬಂಧಪಟ್ಟಿದ್ದು. ಸ್ಕ್ರೂ ತಿರುಗಿಸಿದ್ರೆ ಲೈನಲ್ಲಿ ನಿಂತಿರೋ ಎಲ್ಲರಿಗೂ ಸಂಬಂಧಪಡುತ್ತೆ.

ಇನ್ನೊಬ್ಬಳು ಕೇಳಿದಳು: ಈ ಕಾಲದಲ್ಲಿ ಸ್ಕೋಪ್ ಹಾಕ್ಕೊಂಡ್ರೆ ಆಯ್ತಲ್ಲ? ಸ್ಕೋಪ್‌ನಲ್ಲೂ ಎರಡು ನಾಬ್ ಇರುತ್ತೆ, ಕ್ಲಿಕ್ ಅಂತ ಸದ್ದು ಬೇರೆ ಮಾಡುತ್ತೆ, ತಿರುಗಿಸೋ ಆಸೆ ಇನ್ನೂ ಜಾಸ್ತಿ. ನನ್ನ ಅಭಿಪ್ರಾಯ, ಮೊದಲ ಆರು ತಿಂಗಳು ಓಪನ್ ಸೈಟ್‌ನಲ್ಲೇ ಕಲೀಬೇಕು. ಕೆನ್ನೆ ಸರಿ ಇಟ್ಟಿಲ್ಲ ಅಂದ್ರೆ ಓಪನ್ ಸೈಟ್‌ನಲ್ಲಿ ಕಣ್ಣಿಗೇ ಕಾಣುತ್ತೆ. ಇನ್ನೊಂದು, ಒಂದು ದೂರಕ್ಕೆ ಸರಿ ಮಾಡಿದ ಸೈಟ್ ಇನ್ನೊಂದು ದೂರಕ್ಕೆ ಸರಿ ಇರಲ್ಲ. ಪೆಲೆಟ್ ಬ್ರ್ಯಾಂಡ್ ಬದಲಾದ್ರೂ ಗುಂಪು ಜಾಗ ಬದಲಿಸುತ್ತೆ.

ಹಾಗೇ ಒಂದು ಸಿಟ್ಟು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಪಾರಿವಾಳಕ್ಕೆ ಗುರಿ ಇಡೋ ಮಹಾನುಭಾವರೇ: 0.177 ಬೋರ್, 20 ಜೂಲ್ ಒಳಗಿನ ಏರ್ ಗನ್‌ಗೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ ನಿಜ. ಅಂದ್ರೆ ಅದು ಆಟಿಕೆ ಅಂತಲ್ಲ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರಿಂದ ಇದೆ. ಪಾರಿವಾಳದ ಹಿಂದೆ ಮಣ್ಣಿನ ದಿಬ್ಬ ಇರಲ್ಲ, ಎದುರು ಬ್ಲಾಕ್‌ನ ಬಾಲ್ಕನೀಲಿ ಬಟ್ಟೆ ಒಣಗಿಸೋ ಅಕ್ಕನ ಕಣ್ಣಿರುತ್ತೆ. ಗುಂಡು ಎಲ್ಲಿ ಬೀಳುತ್ತೆ ಅಂತ ಗೊತ್ತಿಲ್ಲದವನು ಅದರ ಹಿಂದೆ ಏನಿದೆ ಅಂತಲೂ ನೋಡಲ್ಲ.

(9/9)
ಇದನ್ನ ಮೂರು ವಾರದ ಹಿಂದೆ ಬರೆದಿದ್ದೆ. ಪೋಸ್ಟ್ ಮಾಡೋಕೆ ಆಗಲಿಲ್ಲ. ಅವಳೂ ನನ್ನ ಫಾಲೋವರ್. ಇನ್‌ಸ್ಟಾದಲ್ಲಿ ಓದಿ ತಿಳ್ಕೊಳ್ಳೋ ಥರ ಮಾಡೋದು, ಸ್ಕ್ರೂ ತಿರುಗಿಸಿ ಎದ್ದು ಬಂದಿದ್ದಕ್ಕಿಂತ ಏನೂ ಬೇರೆ ಅಲ್ಲ ಅನ್ಸ್ತು.

ರೂಮ್‌ಮೇಟ್‌ಗೆ ಮೊದಲು ಹೇಳಿದೆ. ಅವನು ಒಂದು ನಿಮಿಷ ಬೈದ, ಕೊಡವ ತಕ್ಕ್‌ನಲ್ಲಿ ಬೈದಿದ್ದರಿಂದ ಪೂರ್ತಿ ಅರ್ಥ ಆಗಲಿಲ್ಲ. ಆಮೇಲೆ ನಂಬರ್ ಕೊಟ್ಟ. ನಿನ್ನೆ ಸಂಜೆ ಶಿಫ್ಟ್ ಮುಗಿಸಿ ಜಾಲಹಳ್ಳಿ ಮೆಟ್ರೋ ಮೆಟ್ಟಿಲ ಕೆಳಗೆ ನಿಂತು ಫೋನ್ ಮಾಡಿದೆ. ಬಸ್, ಲಾರಿ ಗಲಾಟೆಗೆ ಎರಡು ಸಲ ರಿಪೀಟ್ ಮಾಡಬೇಕಾಯ್ತು, ಅದು ಬೇರೆ ಶಿಕ್ಷೆ.

ಅವಳು ಈ ವರ್ಷ ಎಲ್ಲೂ ಹೆಸರು ಕೊಟ್ಟಿಲ್ಲವಂತೆ. ಪ್ರ್ಯಾಕ್ಟೀಸೂ ಮಾಡಿಲ್ಲ.

'ಎಷ್ಟು ಸುತ್ತು?' ಅಂತ ಕೇಳಿದಳು.

ಎರಡು ಅಂದೆ.

'ಯಾವ ಕಡೆ?'

ಎಡಕ್ಕೆ.

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಕಟ್ ಆಯ್ತೇನೋ ಅಂತ ಸ್ಕ್ರೀನ್ ನೋಡ್ಕೊಂಡೆ. ಆಮೇಲೆ ರಟ್ಟಿನ ವಿಷಯ ಹೇಳಿದೆ. ಅವಳ ಮೂರು ತೂತಿನ ಮೇಲೆ ಐದು ರೂಪಾಯಿ ನಾಣ್ಯ ಇಟ್ರೆ ಮುಚ್ಚುತ್ತೆ, ನಾನು ಇಟ್ಟು ನೋಡಿದೀನಿ ಅಂದೆ.

'ಆ ರಟ್ಟು ಈಗಲೂ ಇದೆಯಾ?'

ಇದೆ ಅಂದೆ.

'ಕೊರಿಯರ್ ಮಾಡಿ' ಅಂತ ಹೇಳಿ ಫೋನ್ ಇಟ್ಟಳು.

ಇವತ್ತು ಬೆಳಿಗ್ಗೆ ಮಡಿಸದೆ, ಎರಡು ಕಡೆ ದಪ್ಪ ರಟ್ಟು ಕೊಟ್ಟು ಪ್ಯಾಕ್ ಮಾಡಿ ಕಳಿಸಿದೆ. ಕಳಿಸೋ ಮುಂಚೆ ತೆಗೆದಿದ್ದು ಮೊದಲನೇ ಫೋಟೋ. ಅವಳದ್ದು ಯಾವ ಮೂರು ಅಂತ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದೀನಿ. ನನ್ನ ಮೂರಕ್ಕೂ ಹಾಕಿದೀನಿ.

#ಓಪನ್‌ಸೈಟ್ #ಕೈಲ್‌ಪೊಳ್ದ್ #ಪೀಣ್ಯ #ಗುಂಪುಮೊದಲು #ಲಾಗ್‌ಬುಕ್‌ಬರೀರಪ್ಪಾ